ತುದಿ ಚುಚ್ಚಬಾರದು

ಶಿರಾಲಿಯಲ್ಲಿ ಬಸ್ಸಿಳಿದು, ಹೆದ್ದಾರಿ ದಾಟಿ ಗಂಗಕ್ಕನ ಮನೆಯ ಹಾದಿ ಹಿಡಿಯುವಾಗ ಚಂದನಾ ಕೈಚೀಲವನ್ನು ಎದೆಗೆ ಅವುಚಿಕೊಂಡಿದ್ದಳು. ಅದರಲ್ಲಿ ಭಾರದ್ದೇನೂ ಇರಲಿಲ್ಲ. ಹಳದಿ ಉಲ್ಲನ್ನಿನಲ್ಲಿ ಅವಳೇ ಹೆಣೆದ ಐದು ತುಂಡುಗಳು. ಬೆನ್ನಿಗೊಂದು, ಎದೆಗೆರಡು, ತೋಳಿಗೆರಡು. ಕೂಡಿಸಿದರೆ ಎಳೆಕೂಸಿನ ಸ್ವೆಟರ್. ಹೆಣೆದು ಎರಡು ವರ್ಷವಾದರೂ ಕೂಡಿಸಿರಲಿಲ್ಲ.

ಬೆಳಕೆ ಊರಿನ ಅವಳ ಗಂಡನ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹುಟ್ಟದ ಕೂಸಿಗೆ ಬಟ್ಟೆ ಮಾಡಬಾರದು. ಕತ್ತರಿಸಿ ಇಡಬಹುದು, ಹೆಣೆದು ಇಡಬಹುದು. ಕೂಡಿಸುವುದು ಮಾತ್ರ ಕೂಸು ಹುಟ್ಟಿ ಹೆಸರಿಟ್ಟ ಮೇಲೆ, ಆ ಹೆಸರು ಹೇಳಿಕೊಂಡು. ಚಂದನಾ ಹಾಗೇ ಮಾಡಿದ್ದಳು. ಕುಮಟೆಯ ಪೇಟೆಯಿಂದ ಉಲ್ಲನ್ ತರಿಸಿ, ತುಂಬಿದ ಹೊಟ್ಟೆಯ ಮೇಲೇ ಕೈ ಊರಿಕೊಂಡು ಹೆಣೆದು, ತುಂಡುಗಳನ್ನು ಬಿಡಿಬಿಡಿಯಾಗಿಯೇ ಮಡಚಿ ಪೆಟ್ಟಿಗೆಯಲ್ಲಿಟ್ಟಿದ್ದಳು. ಕೂಸು ಹುಟ್ಟಿತು. ದೊಡ್ಡಾಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ನಾಲ್ಕು ದಿನ ಇತ್ತು, ಹೆಸರಿಡುವ ಮೊದಲೇ ಹೋಯಿತು. ಗಂಡ ನರೇಶ ಅದನ್ನು ಆಸ್ಪತ್ರೆಯ ಹಸಿರು ಬಟ್ಟೆಯಲ್ಲೇ ತಂದು ಗೇರುಗುಡ್ಡದ ಬುಡದಲ್ಲಿ ಮಣ್ಣು ಮಾಡಿದ. ತನ್ನದು ಅನ್ನುವ ಒಂದು ಬಟ್ಟೆ ಅದರ ಮೈಗೆ ತಾಗಲಿಲ್ಲ. ಆ ಮಾತನ್ನು ಚಂದನಾ ಯಾರ ಹತ್ತಿರವೂ ಆಡಿರಲಿಲ್ಲ.

ಈಗ ಮೈದುನ ದಿನಕರನ ಹೆಂಡತಿ ಅಂಕಿತಾ ಹೆತ್ತಿದ್ದಳು. ಅವಳಿಗೆ ತವರಿನಲ್ಲಿ ತಾಯಿ ಇಲ್ಲ, ಬಾಣಂತನ ಬೆಳಕೆಯಲ್ಲೇ. ಗಂಡುಕೂಸು. ವಿಶಾಲ ಅಂತ ಹೆಸರಿಟ್ಟಾಗಿತ್ತು. ಆ ಸಲ ಧನುರ್ಮಾಸದ ಚಳಿ ಕರಾವಳಿಗೂ ಇಳಿದಿತ್ತು. ಒಂದು ಬೆಳಿಗ್ಗೆ ಅತ್ತೆ ಗಣಪಿ ಗಂಜಿ ಬಸಿಯುತ್ತ, ಸೊಸೆಯ ಮುಖ ನೋಡದೆ ಹೇಳಿದಳು.

"ಪೆಟ್ಟಿಗೆಯಲ್ಲಿ ಇದ್ದದ್ದು ಕೂಡ್ಸಿ ಕೊಡು. ಸುಮ್ನೆ ನುಸಿ ತಿಂತದೆ."

"ಅದು..."

"ಅದು ಯಾರದ್ದೂ ಅಲ್ಲ. ಕೂಡ್ಸದೇ ಇದ್ದದ್ದು ಬಟ್ಟೆಯೇ ಅಲ್ಲ. ಕೂಡ್ಸಿ ಆಗಿದ್ರೆ ನಾನೇ ಬ್ಯಾಡ ಅಂತಿದ್ದೆ. ಹೋದ ಕೂಸಿನ ಬಟ್ಟೆ, ಬೇರೆ ಕೂಸಿದ್ದ ಮನೆಯಲ್ಲಿ ಇಡುಕೆ ಆಗ್ತದಾ?"

ಗಣಪಿ ಕೆಟ್ಟವಳಲ್ಲ. ಆ ನಾಲ್ಕು ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಅನ್ನ ಬಿಟ್ಟು ಕೂತಿದ್ದವಳು ಅವಳೇ. ಚಂದನಾ "ಆತು" ಎಂದಳು. ಬೇರೆ ಕೈಗೆ ಕೊಡುವುದು ಬೇಡ, ತಾನೇ ಕಲಿತು ಕೂಡಿಸುತ್ತೇನೆ ಎಂದಷ್ಟೇ ಸೇರಿಸಿದಳು.

ಗಂಗಕ್ಕ ಹಿಂದೆ ಕುಮಟೆಯ ಅಂಗಡಿಯೊಂದಕ್ಕೆ ಕೂಸಿನ ಸ್ವೆಟರ್, ಟೊಪ್ಪಿ ಮಾಡಿ ಕೊಡುತ್ತಿದ್ದವಳು. ಈಗ ಕಣ್ಣು ಮಂಜು, ಬೆರಳಿಗೆ ಮಾತ್ರ ಎಲ್ಲ ಕಾಣುತ್ತಿತ್ತು. ಮೊದಲ ದಿನ ಹಳೇ ಉಲ್ಲನ್ನಿನ ಎರಡು ತುಂಡು ಕೊಟ್ಟು ಕೂಡಿಸು ಎಂದಳು. ರವಕೆ ಹೊಲಿದು ಗೊತ್ತಿದ್ದ ಚಂದನಾ ಅಂಚಿಗೆ ಅಂಚು ಹಿಡಿದು, ಸುತ್ತಿ ಸುತ್ತಿ ಬಿಗಿದು, ಕೊನೆಗೆ ಒಂದು ಗಂಟು ಹಾಕಿ ಕೊಟ್ಟಳು. ಗಂಗಕ್ಕ ಹೆಬ್ಬೆರಳಿನಲ್ಲಿ ಸವರಿ ನೋಡಿದಳು.

"ಎಂತ ಮಾರಾಯ್ತಿ, ಗೋಣಿಚೀಲದ ಬಾಯಿ ಹೊಲ್ದ ಹಾಗೆ ಮಾಡಿದ್ದೆ. ಇದ್ರಲ್ಲಿ ಅಕ್ಕಿ ತುಂಬ್ತ್ಯಾ?"

ಚಂದನಾಳಿಗೆ ನಗು ಬಂದಂತಾಯಿತು, ಪೂರ್ತಿ ಬರಲಿಲ್ಲ.

ಗಂಗಕ್ಕ ಅದನ್ನು ಬಿಚ್ಚಿಸಿದಳು. ಎರಡೂ ತುಂಡುಗಳನ್ನು ಮೊಗಚದೆ, ಹೊರಮೈ ಮೇಲಾಗಿ ಪಕ್ಕಪಕ್ಕ ಮಲಗಿಸಿದಳು. ಅಂಚಿನ ಸಾಲನ್ನು ಸ್ವಲ್ಪ ಹಿಗ್ಗಿಸಿದರೆ ಒಳಗೆ ಏಣಿಯ ಮೆಟ್ಟಿಲಿನಂತೆ ಅಡ್ಡ ಎಳೆಗಳು ಕಾಣುತ್ತಿದ್ದವು. ಮೊಂಡು ಸೂಜಿಯಲ್ಲಿ ಈ ಕಡೆಯ ಒಂದು ಮೆಟ್ಟಿಲು ಎತ್ತಬೇಕು, ಆಚೆ ಕಡೆಯ ಒಂದು ಎತ್ತಬೇಕು. ಒಂದು ಗೇಣು ಹೋದ ಮೇಲೆ ದಾರವನ್ನು ಮೆಲ್ಲಗೆ ಎಳೆದರೆ ಎರಡು ಅಂಚೂ ತಾವಾಗಿ ಹತ್ತಿರ ಬಂದು, ಕೂಡಿಸಿದ ದಾರ ಒಳಗೆಲ್ಲೋ ಮಾಯ.

"ಗಂಟು ಹಾಕುದು ಬ್ಯಾಡ್ವಾ? ಬಿಚ್ಚಿ ಹೋಗುದಿಲ್ವಾ?"

"ಚುಚ್ಚಿತು ಅಂತ ಹೇಳುಕೆ ಕೂಸಿಗೆ ಬಾಯಿ ಇದ್ಯಾ? ಗಂಟು ಬ್ಯಾಡ. ಉಳಿದ ತುದಿಯನ್ನ ಹೋದ ದಾರಿಯಲ್ಲೇ ಹಿಂದೆ ತಂದು ಒಳಗೇ ಅಡಗ್ಸು. ಅದು ಅಲ್ಲೇ ಕಚ್ಕಂಡು ಕೂತ್ಕಳ್ತದೆ."

ಕೆಲವು ಸಲ ಬಂದು ಹೋಗುವುದರಲ್ಲಿ ಕೈಗೆ ಹದ ಹತ್ತಿತು. ಒಂದು ದಿನ ಗಂಗಕ್ಕ, "ಇವತ್ತು ನಿಂದು ತೆಗಿ" ಎಂದಳು. ಹಳದಿ ತುಂಡುಗಳು ಚಾಪೆಯ ಮೇಲೆ ಬಂದವು. ಭುಜದಿಂದ ಶುರು. ಸೂಜಿಗೆ ದಾರ ಏರಿಸಿ ಗಂಗಕ್ಕ ಕೊಟ್ಟಳು.

"ಕೂಸಿನ ಹೆಸರು ಹೇಳಿ ಚುಚ್ಚು. ನಮ್ಮಲ್ಲೂ ಅದೇ ಕ್ರಮ. ಎಂತ ಹೆಸರಿಟ್ರಿ?"

ವಿಶಾಲ. ಮೂರಕ್ಷರ. ಬೆಳಿಗ್ಗೆ ತಾನೇ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿ ಮೀಯಿಸಿ ಬಂದ ಕೂಸು. ಅದರ ಮೇಲೆ ಅವಳಿಗೆ ಏನೂ ಸಿಟ್ಟಿರಲಿಲ್ಲ. ಆದರೂ ಆ ಹೆಸರು ಹೇಳಲಾಗಲಿಲ್ಲ.

"ಹೆಸ್ರು ಇಡುಕೆ ಆಗ್ಲಿಲ್ಲ ಗಂಗಕ್ಕ" ಎಂದಳು. "ಇದು ನನ್ನ ಕೂಸಿಂದು."

ಗಂಗಕ್ಕನಿಗೆ ಎರಡು ವರ್ಷದ ಹಿಂದಿನ ಸುದ್ದಿ ಗೊತ್ತಿತ್ತು. ತುಂಡುಗಳು ಆಗಿನವು ಎಂಬುದು ಗೊತ್ತಿರಲಿಲ್ಲ. ಅವಳು ಒಂದು ತೋಳನ್ನು ಎತ್ತಿ, ತೂಕ ನೋಡುವವಳಂತೆ ಅಂಗೈಯಲ್ಲಿ ಹಿಡಿದುಕೊಂಡಳು.

"ನೋಡು ತಂಗಿ. ಈಗ ಹುಟ್ಟಿದ ಕೂಸಿನ ಹೆಸ್ರು ಹೇಳಿದ್ರೆ ಅದ್ಕೆ ಆಗ್ತದೆ. ಮನೆಯಲ್ಲೇ ಇರ್ತದೆ, ದಿನಾ ಕಣ್ಣಿಗೆ ಬೀಳ್ತದೆ. ನಿನ್ನ ಕೂಸಿಂದು ಅಂತ ಕೂಡ್ಸಿದ್ರೆ ಮನೆಯಲ್ಲಿ ಉಳಿಯುದಿಲ್ಲ. ಕೂಸು ಇದ್ದಲ್ಲಿಗೇ ಹೋಗ್ಬೇಕು. ಯಾವ್ದು ಮಾಡು ಅಂತ ನಾ ಹೇಳುದಿಲ್ಲ. ಕೂಡ್ಸುದು ಮಾತ್ರ ಕಲಿಸ್ತೆ."

ಚಂದನಾ ತುಂಡುಗಳನ್ನು ಒಂದೊಂದಾಗಿ ಮುಟ್ಟಿದಳು. ಕೂಡಿಸದೆ ಇದ್ದಷ್ಟು ದಿನ ಅವು ಪೆಟ್ಟಿಗೆಯಲ್ಲಾದರೂ ಇದ್ದವು. ಬಾಗಿಲು ಹಾಕಿಕೊಂಡು ಮುಟ್ಟಿ ನೋಡುವುದಕ್ಕಾದರೂ ಸಿಗುತ್ತಿದ್ದವು. ಇನ್ನು ಅದೂ ಇಲ್ಲ.

"ಕೂಸೇ" ಎಂದು ಸೂಜಿ ಚುಚ್ಚಿದಳು.

ಭುಜ ಕೂಡಿತು, ತೋಳು ಕೂಡಿತು, ಪಕ್ಕೆ ಕೂಡಿತು. ಮರುದಿನ ಬಂದು ಕುತ್ತಿಗೆಯ ಸುತ್ತ ಕುಣಿಕೆ ಎತ್ತಿ ಪಟ್ಟಿ ಹೆಣೆದಳು. ಚಿಕ್ಕ ಬಿಳಿ ಬಟನ್ ಹಚ್ಚಿದಳು. ಒಳಮೈ ಮೊಗಚಿದರೆ ಅಲ್ಲಲ್ಲಿ ದಾರದ ತುದಿಗಳು ಇನ್ನೂ ಜೋತಾಡುತ್ತಿದ್ದವು. ಬೆನ್ನು ಸೋತಿತ್ತು. ಅವಳು ಕತ್ತರಿಗೆ ಕೈ ಹಾಕಿದಳು.

"ಹೇಗೂ ಮಣ್ಣಿಗೆ ಹೋಗುದು ಗಂಗಕ್ಕ. ಇದನ್ನೆಲ್ಲ ಕತ್ತರ್ಸಿ ಬಿಟ್ರೆ ಆಗುದಿಲ್ವಾ?"

ಗಂಗಕ್ಕ ಕತ್ತರಿಯನ್ನು ತೆಗೆದು ತನ್ನ ಮಂಡಿಯ ಕೆಳಗೆ ಇಟ್ಟುಕೊಂಡಳು.

"ಹಾಕ್ಕಳುದು ಕೂಸಲ್ವಾ? ತುದಿ ಚುಚ್ತದೆ."

ಚಂದನಾ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು. ಸೂಜಿ ಎತ್ತಿಕೊಂಡು ಒಂದೊಂದು ತುದಿಯನ್ನೂ ಬಂದ ದಾರಿಯಲ್ಲೇ ಹಿಂದೆ ಒಯ್ದು ಅಡಗಿಸಿದಳು. ಹೊತ್ತು ಇಳಿದಿದ್ದರಿಂದ ಬೆಳಕೆಯ ಬಸ್ಸಿಗೆ ಓಡಬೇಕಾಯಿತು.

ಮರುದಿನ ಬೆಳಿಗ್ಗೆ ಅಂಟುವಾಳದ ನೀರಿನಲ್ಲಿ ಅದ್ದಿ, ಹಿಂಡದೆ, ದಪ್ಪ ಟವೆಲ್ಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದಳು. ಹಗ್ಗಕ್ಕೆ ನೇತು ಹಾಕಿದರೆ ಜೋಲುತ್ತದೆ ಎಂದು ಗಂಗಕ್ಕ ಹೇಳಿದ್ದಳು. ಅಂಗಳದಲ್ಲಿ ಚಾಪೆ ಹಾಸಿ, ತೋಳನ್ನು ನೇರ ಎಳೆದು, ಎದೆಯನ್ನು ಅಂಗೈಯಲ್ಲಿ ತಟ್ಟಿ ಅಳತೆಗೆ ತಂದು ಮಲಗಿಸಿದಳು. ಗಣಪಿ ಬಂದು ನೋಡಿದಳು.

"ವಿಶಾಲ ಅಂದ್ಯಾ?"

"ಇಲ್ಲ ಅತ್ತೆ."

ಗಣಪಿಯ ಮುಖ ಬಿಗಿಯಿತು. "ಇಷ್ಟು ಹಟ ಒಳ್ಳೇದಲ್ಲ. ಆ ಕೂಸಿಗೆ ಚಳಿ ಇಲ್ವಾ?"

"ಅದ್ಕೆ ಪೇಟೆಯಿಂದ ಬೇರೆ ಉಲ್ಲನ್ ತಂದು ಮಾಡ್ತೆ." ಚಂದನಾ ತಲೆ ಎತ್ತಲಿಲ್ಲ. "ಚಳಿ ನನ್ನದಕ್ಕೂ ಇತ್ತು ಅತ್ತೆ."

ಗಣಪಿ ಮೆಲ್ಲಗೆ ಕುಕ್ಕರಗಾಲಿನಲ್ಲಿ ಕೂತಳು. ಸ್ವೆಟರಿನ ಅಂಚು ಎತ್ತಿ, ಒಳಮೈಯಲ್ಲಿ ಹೆಬ್ಬೆರಳು ಆಡಿಸಿದಳು. ಪಕ್ಕೆ, ಕಂಕುಳು, ಕುತ್ತಿಗೆ. ಎಲ್ಲೂ ಏನೂ ತಾಗಲಿಲ್ಲ.

"ಕಂಕುಳಲ್ಲಿ ಇನ್ನೂ ಹಸಿ" ಎಂದಳು. "ಹಸೀದು ಹಾಕುಕೆ ಆಗುದಿಲ್ಲ. ಒಣಗ್ಲಿ."

ಎದ್ದು ಹೋಗಲಿಲ್ಲ. ತೆಂಗಿನ ನೆರಳು ಚಾಪೆಯ ಮೇಲೆ ಬಂದಾಗಲೆಲ್ಲ ಅದನ್ನು ಬಿಸಿಲಿನ ಕಡೆಗೆ ಎಳೆಯುತ್ತ, ಕೋಳಿ ಬಂದರೆ ಓಡಿಸುತ್ತ ಅಲ್ಲೇ ಇದ್ದಳು. ಒಳಗೆ ವಿಶಾಲ ಅಳುತ್ತಿದ್ದ. ಅಂಕಿತಾ ಸಮಾಧಾನ ಮಾಡುವುದು ಕೇಳುತ್ತಿತ್ತು.

ಬಿಸಿಲು ಇಳಿಯುವಾಗ ನರೇಶ ಗುದ್ದಲಿ ಹಿಡಿದು ಗೇರುಗುಡ್ಡದ ಕಡೆಯ ಬೇಲಿಯ ದಣಪೆಯ ಹತ್ತಿರ ಬಂದು ನಿಂತ. ಚಂದನಾ ಸ್ವೆಟರನ್ನು ಮಡಿಲಲ್ಲಿಟ್ಟುಕೊಂಡು ಕೆಳಗಿನಿಂದ ಒಂದೊಂದೇ ಬಟನ್ ಹಾಕಿದಳು. ಕುತ್ತಿಗೆಯದು ಮಾತ್ರ ಹಾಕಲಿಲ್ಲ, ಬಿಗಿಯಾದೀತು ಎಂದು.