ಅಮ್ಮನಿಗೆ ಹೇಳದ ಸುದ್ದಿ

ಬೆಳಗ್ಗೆ ಎದ್ದಾಗ ಹೇಮಶ್ರೀಗೆ ವಾಂತಿ ಬರಲಿಲ್ಲ. ಒಗ್ಗರಣೆಯ ವಾಸನೆ ನಡುಮನೆಗೆ ನುಗ್ಗಿದರೂ ಹೊಟ್ಟೆ ಸುಮ್ಮನಿತ್ತು. ಬೇರೆಯವರಾಗಿದ್ದರೆ ಸದ್ಯ ಬದುಕಿದೆ ಎನ್ನುತ್ತಿದ್ದರು. ಇವಳಿಗೆ ಭಯ ಹತ್ತಿತು. ಹೋದ ವರ್ಷ ಮೊದಲ ಬಸಿರು ಇಳಿದುಹೋದಾಗಲೂ ಹೀಗೇ, ಮೊದಲು ವಾಂತಿ ನಿಂತಿತ್ತು.

ಅತ್ತೆ ಅಂಜನಮ್ಮನಿಗೆ ಹೇಳಿದಳು. ಸಾರಕ್ಕಿ ಇನ್ನೂ ಹಳ್ಳಿಯಾಗಿದ್ದಾಗ ಸೊಸೆಯಾಗಿ ಬಂದವರು ಅವರು. ಹೊಲವಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಬಾಡಿಗೆ ಮನೆಗಳು ಎದ್ದಿವೆ, ಅವರ ಪಂಚಾಂಗ ಮಾತ್ರ ಕದಲಿಲ್ಲ.

"ನಿಂತ್ರೆ ಒಳ್ಳೇದೇ ಅಲ್ವಾ? ಎರಡು ಇಡ್ಲಿ ಜಾಸ್ತಿ ತಿನ್ನು."

"ಇವತ್ತು ಸ್ಕ್ಯಾನಿಂಗ್ ಇದೆಯಲ್ಲ ಅತ್ತೆ, ಕೇಳ್ಕೊಂಡ್ ಬರ್ತೀನಿ."

"ಅಮಾವಾಸ್ಯೆ ದಿನ ಯಾರಾದ್ರೂ ಮಗು ನೋಡ್ತಾರಾ? ದೀಪು ಗುರುವಾರಕ್ಕೆ ಹಾಕ್ಸಿದಾನೆ. ನಿಂಗೆ ಹೇಳ್ಲಿಲ್ವಾ?"

ಗಂಡ ದೀಪಕ್ ಶೂ ಲೇಸಿನಿಂದ ತಲೆ ಎತ್ತಲಿಲ್ಲ. "ಮೂರು ದಿನ ತಾನೇ ಹೇಮಾ" ಎಂದ. ಹೊಟ್ಟೆ ಇವನದಾಗಿದ್ದರೆ ಮೂರು ನಿಮಿಷವೂ ಕಾಯುತ್ತಿರಲಿಲ್ಲ ಎಂದುಕೊಂಡಳು.

"ಹಾಗಾದ್ರೆ ನಮ್ಮಮ್ಮಂಗಾದ್ರೂ ಹೇಳ್ತೀನಿ. ಮೂರು ತಿಂಗಳು ತುಂಬ್ತಲ್ಲ."

"ಎಲ್ಲಿ ತುಂಬ್ತು?" ಎಂದರು ಅತ್ತೆ. "ಮುಟ್ಟು ತಪ್ಪಿದ ಮೇಲಿಂದ ಲೆಕ್ಕ. ಈಗ ಎರಡು. ಡಾಕ್ಟ್ರು ಲೆಕ್ಕ ಡಾಕ್ಟ್ರ ಹತ್ರಾನೇ ಇರ್ಲಿ."

ಡಾಕ್ಟರು ಕೊನೆಯ ಮುಟ್ಟಿನಿಂದ ಎಣಿಸುತ್ತಾರೆ, ಅಂಜನಮ್ಮ ತಪ್ಪಿದ ಮುಟ್ಟಿನಿಂದ. ನಡುವೆ ಉಳಿದ ಒಂದು ತಿಂಗಳು ಹೇಮಶ್ರೀ ಬಾಯಿಗೆ ಬೀಗ ಹಾಕಿಕೊಂಡಿರಬೇಕು. ಹೋದ ಸಲ ಅವಳು ಶ್ರೀನಗರದ ತವರಿಗೆ ಫೋನ್ ಮಾಡಿ ಅಮ್ಮ ನಾರಾಯಣಮ್ಮನಿಗೇ ಮೊದಲು ಹೇಳಿದ್ದಳು. ಎಲ್ಲ ಮುಗಿದು ಆಸ್ಪತ್ರೆಯಲ್ಲಿ ಮಲಗಿದ್ದಾಗ ಅಂಜನಮ್ಮ ಅಮ್ಮನ ಎದುರಿಗೇ, "ಎಳೇ ಬಸುರು ಬಾಯಿಗೆ ಬಿದ್ರೆ ಇಷ್ಟೇ" ಎಂದಿದ್ದರು. ಅಮ್ಮ ಸೆರಗು ಸರಿಮಾಡಿಕೊಂಡು ಎದ್ದು ಹೋಗಿದ್ದಳು. ಅದಕ್ಕೇ ಈ ಸಲ ದೇವರ ಮುಂದೆ ಆಣೆ, ಯಾರಿಗೂ ಹೇಳುವಂತಿಲ್ಲ.

ಯಾರಿಗೂ ಎಂದರೆ, ಅಮ್ಮನೊಬ್ಬಳಿಗೆ. ಮೇಲಿನ ಮನೆಯ ಬಾಡಿಗೆಯ ಅಲಮೇಲು ಆಗಲೇ ಮಾವಿನಕಾಯಿ ಉಪ್ಪಿನಕಾಯಿ ತಂದುಕೊಟ್ಟಿದ್ದರು. "ಯಾರಿಗೂ ಹೇಳ್ಬೇಡಮ್ಮ" ಎನ್ನುತ್ತಲೇ ಅತ್ತೆ ಬೀದಿಗೆಲ್ಲ ಹಂಚಿದ್ದರು.

ತಾಳಿದವನು ಬಾಳಿಯಾನು ಎನ್ನುತ್ತಾರೆ. ಹೇಮಶ್ರೀಗೆ ತಾಳಿ ತಾಳಿ ಸಾಕಾಗಿತ್ತು. ದೀಪಕ್ ಹೊರಟ ಮೇಲೆ, ಅತ್ತೆ ಸ್ನಾನಕ್ಕೆ ಹೋದದ್ದನ್ನು ನೋಡಿ ಆಟೋ ಹತ್ತಿದಳು. ಸಾರಕ್ಕಿ ಸಿಗ್ನಲ್‌ನಲ್ಲಿ ಗಾಡಿಗಳು ಅಲ್ಲಾಡದೆ ನಿಂತಿದ್ದವು. ಅವಳು ಹೊಟ್ಟೆಯ ಮೇಲೆ ಕೈಯಿಟ್ಟು ಕೂತಳು. ಒಂದು ಸಲ ವಾಕರಿಕೆ ಬರಲಿ, ಒಂದೇ ಒಂದು ಸಲ, ಎಂದು ಬೇಡಿಕೊಂಡಳು. ಬರಲಿಲ್ಲ.

ಜಯನಗರದ ಸ್ಕ್ಯಾನಿಂಗ್ ಸೆಂಟರ್ ಖಾಲಿ ಹೊಡೆಯುತ್ತಿತ್ತು.

"ನಿಮ್ದು ಕ್ಯಾನ್ಸಲ್ ಆಗಿದೆಯಲ್ಲ ಮೇಡಂ" ಎಂದಳು ಕೌಂಟರಿನ ಹುಡುಗಿ.

"ಎಷ್ಟು ಹೊತ್ತಾದ್ರೂ ಕಾಯ್ತೀನಿ."

"ಕಾಯೋದೇನೂ ಬೇಡ, ಒಳಗೆ ಬನ್ನಿ. ಅಮಾವಾಸ್ಯೆ ಅಂತ ಇವತ್ತು ಎಲ್ರೂ ಕ್ಯಾನ್ಸಲ್ಲೇ."

ಡಾಕ್ಟರಮ್ಮ ಹೊಟ್ಟೆಗೆ ತಣ್ಣನೆ ಜೆಲ್ ಹಚ್ಚಿದರು. "ವಾಂತಿ ನಿಂತುಬಿಟ್ಟಿದೆ ಡಾಕ್ಟ್ರೇ" ಎಂದಳು ಹೇಮಶ್ರೀ. ಅವರು ಪರದೆಯನ್ನು ಇವಳ ಕಡೆ ತಿರುಗಿಸಿದರು. ನಿಂಬೆಹಣ್ಣಿನಷ್ಟು ಜೀವವೊಂದು ಕಾಲು ಝಾಡಿಸುತ್ತಿತ್ತು. ಎದೆಯ ಜಾಗದಲ್ಲಿ ಬೆಳಕಿನ ಚುಕ್ಕಿ ಬಿಡದೆ ಮಿಡಿಯುತ್ತಿತ್ತು.

"ನೋಡಿ, ಎಷ್ಟು ಜೋರಾಗಿ ಒದೀತಿದೆ. ನಿಮಗೆ ಗೊತ್ತಾಗೋಕೆ ಇನ್ನೂ ಟೈಮಿದೆ. ಈ ಹೊತ್ತಿಗೆ ಮಾಸು ಬೆಳೆದು ಮಗೂನ ಸಾಕೋ ಕೆಲಸ ವಹಿಸ್ಕೊಳ್ಳುತ್ತೆ. ವಾಂತಿ ತರಿಸ್ತಿದ್ದ ಹಾರ್ಮೋನೂ ಇಳಿಯುತ್ತೆ. ತುಂಬ ಜನಕ್ಕೆ ಈಗ್ಲೇ ನಿಲ್ಲೋದು."

ಹೇಮಶ್ರೀ ಅತ್ತಳು. ಅಳು ನಿಂತ ಮೇಲೆ ಸಿಟ್ಟು ಬಂತು. ಇಷ್ಟು ಕೇಳುವುದಕ್ಕೆ ಕಳ್ಳಿಯ ಹಾಗೆ ಓಡಿಬರಬೇಕಾಯಿತಲ್ಲ ಎಂದು ಮೈಯೆಲ್ಲ ಉರಿಯಿತು. ಹೊರಗೆ ಬಂದವಳೇ ಆಣೆಯನ್ನು ಗಾಳಿಗೆ ತೂರಿ ತವರಿಗೆ ಫೋನ್ ಮಾಡಿದಳು.

"ಅಮ್ಮ, ನಾನು..."

"ಹೇಳ್ಬೇಡ" ಎಂದಳು ನಾರಾಯಣಮ್ಮ. "ನಂಗೊತ್ತು ಕಣೆ. ಹಬ್ಬಕ್ಕೆ ಬಂದಾಗ ಕಾಫಿ ಲೋಟ ದೂರ ತಳ್ಳಿದ್ಯಲ್ಲ, ಅವತ್ತೇ ಗೊತ್ತಾಯ್ತು. ನೀನು ಬಾಯ್ಬಿಟ್ಟು ಹೇಳ್ಬೇಡ. ನಿಮ್ಮತ್ತೆನೇ ಹೇಳ್ಲಿ. ಹೋದ ಸಲ ನನ್ನಿಂದ ಆಗಿದ್ದು ಸಾಕು."

ಹೇಮಶ್ರೀ ಫುಟ್‌ಪಾತಿನಲ್ಲೇ ನಿಂತುಬಿಟ್ಟಳು. ಅತ್ತೆ ಆಡಿ ಮರೆತ ಮಾತನ್ನು ಅಮ್ಮ ವರ್ಷವಿಡೀ ನಂಬಿಕೊಂಡು ಕೂತಿದ್ದಳು. ಕೇಳಬೇಕೆನಿಸಿದರೂ ಕೇಳದೆ, ಬರಬೇಕೆನಿಸಿದರೂ ಬರದೆ.

"ನಿನ್ನಿಂದ ಏನೂ ಆಗಿಲ್ಲಮ್ಮ. ಫೋನ್ ಇಡ್ಬೇಡ, ಕೇಳು." ಮಿಡಿಯುವ ಎದೆ, ಝಾಡಿಸುವ ಕಾಲು, ನಿಂತ ವಾಂತಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು.

"ಬೆರಳು ಮೂಡಿದ್ಯಾ?" ಎಂದು ಅಮ್ಮ ಪಿಸುಗುಟ್ಟಿದಳು.