ಲೂಸಿಯೆನ್ ಮಾವನ ಕಷಾಯ

ಅಮೆರಿಕದ ನಮ್ಮ ಮೇನ್ ಸೀಮೆಯಲ್ಲಿ ಲೂಸಿಯೆನ್ ಮಾವನಷ್ಟು ಹಟಮಾರಿ ಆಲೂಗಡ್ಡೆ ಬೆಳೆಗಾರ ಇನ್ನೊಬ್ಬನಿಲ್ಲ. ಬಿತ್ತನೆಗೆ ಮುಂಚೆಯೇ ಜೆರ್ಮೇನ್ ಅತ್ತೆ ಹೇಳಿದ್ದಳು: "ವರ್ಷಾ ವರ್ಷ ಅದೇ ಹೊಲದಲ್ಲಿ ಆಲೂ ಹಾಕ್ತೀರಿ. ಮಣ್ಣೊಳಗೆ ಮಲಗಿರೋ ಜೀರುಂಡೆ ಎದ್ದ ಕೂಡ್ಲೆ ತಲೆ ಮೇಲೇ ತಿಂಡಿ ಸಿದ್ಧ. ಈ ಸಲ ಅಲ್ಲಿ ಓಟ್ಸ್ ಬಿತ್ತಿ."

ಮಾವ ಕೇಳಲಿಲ್ಲ. ಆಲೂ ಎಲೆ ತಿನ್ನಲು ಜೀರುಂಡೆ ಬಂದಾಗ ಬೆಳ್ಳುಳ್ಳಿ, ಖಾರದಪುಡಿ, ಹಳಸಿದ ಕಾಫಿ ಸೇರಿಸಿ ಕುದಿಸಿದ. ಆ ನಾತಕ್ಕೆ ಮನೆಯ ನಾಯಿ ಪಕ್ಕದ ಮನೆಗೆ ವಲಸೆ ಹೋಯಿತು. ಕಷಾಯ ಸಿಂಪಡಿಸಿದ್ದೇ ತಡ, ಪಟ್ಟೆ ಜೀರುಂಡೆಗಳು ಕಾಲು ಮಡಚಿ ಎಲೆಯಿಂದ ಪಟಪಟ ಉದುರಿದವು.

"ಸತ್ತ ಹಾಗೆ ನಾಟಕ ಆಡ್ತವೆ ಕಣ್ರೀ. ಬರೀ ನೀರು ಹಾಕಿದ್ರೂ ಬೀಳ್ತವೆ," ಎಂದಳು ಅತ್ತೆ.

"ನಿಂಗೆ ಹೊಟ್ಟೆಕಿಚ್ಚು ಕಣೇ."

ಅಂದು ಸಂಜೆ ಚರ್ಚಿನಲ್ಲಿ ಊರವರೆಲ್ಲ ಸೇರಿ ಉಣ್ಣುವ ಬೀನ್ಸ್ ಊಟ. ಮಾವ ಒಂದು ತಟ್ಟೆ ತುಂಬ ಹೆಣ ಒಯ್ದ. ದಾರಿಯುದ್ದಕ್ಕೂ ಗಾಡಿ ಕುಲುಕಿದ್ದರಿಂದ ಅವು ಮಿಸುಕಲಿಲ್ಲ. ಎಲ್ಲರಿಗೂ ಕಾಣಲೆಂದು ಅದನ್ನು ಮೇಜಿನ ನಡುವೆ ಇಟ್ಟ. ಪಾದ್ರಿಗಳ ಪ್ರಾರ್ಥನೆ ಎಂದಿನಂತೆ ಉದ್ದವಾಯಿತು. "ಆಮೆನ್" ಎಂದು ಕಣ್ಣು ಬಿಟ್ಟರೆ ಹೆಣಗಳು ಮೇಜಿನ ಮೇಲೆ ಮೆರವಣಿಗೆ ಹೊರಟಿದ್ದವು.

"ಫಾದರ್, ನಿಮ್ಮ ಪ್ರಾರ್ಥನೆಗೆ ಸತ್ತೋರೂ ಎದ್ದು ಬರ್ತಾರೆ ಅಂತ ನಮ್ಮನೆಯೋರಿಗೆ ಗೊತ್ತಿರ್ಲಿಲ್ಲ," ಎಂದಳು ಅತ್ತೆ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಷ್ಟರಲ್ಲಿ ಒಂದು ಜೀರುಂಡೆ ಅತ್ತೆ ಮಾಡಿ ತಂದಿದ್ದ ಆಲೂ ಪಲ್ಯದ ಪಾತ್ರೆಯ ಅಂಚಿಗೇರಿತು. ಯಾರದೋ ಚಮಚ ತಗುಲಿತು. ಅದು ಕಾಲು ಮಡಚಿ ಪಲ್ಯದೊಳಗೆ ಬಿತ್ತು.

ಮಾವ ನಿಧಾನವಾಗಿ ಬಗ್ಗಿ ನೋಡಿದ. "ನನ್ನ ಕಷಾಯಕ್ಕೂ ಸಾಯ್ದೆ ಇದ್ದದ್ದು, ಪಾಪ, ನಿನ್ನ ಪಲ್ಯಕ್ಕೆ ಸತ್ತೇ ಹೋಯ್ತು ನೋಡೇ."