ಹಳೇದನ್ನು ಆರಿಸು

ಮಾತು ಆಡಿದರೆ ಹೋಯಿತು, ಸ್ವಿಚ್ಚು ಒತ್ತಿದರೆ ಹೋಯಿತು. ಗಾದೆಯಲ್ಲಿ ಇದ್ದದ್ದು ಮುತ್ತಲ್ಲವೇ ಎಂದು ಹುಬ್ಬೇರಿಸುವವರು ಸ್ವಲ್ಪ ತಾಳಬೇಕು. ಆಡಿದ ಒಂದು ಮಾತಿನಿಂದ ಒತ್ತಬಾರದ ಸ್ವಿಚ್ಚು ಒತ್ತಿಹೋದ ಕಥೆ ಇದು. ಗಾದೆ ಸುಳ್ಳಾದರೂ ಕಥೆ ಸುಳ್ಳಾಗದು. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ಅಣ್ಣ, ಅತ್ತಿಗೆ, ಮೈದುನ ಮೂವರ ಪುಟ್ಟ ಕಂಪನಿ. ಸರದಿ ಕಾಯುವುದೇ ಅವರ ಕಸುಬು. ಅಂದರೆ ಜನ ತಮ್ಮ ಸರದಿಗಾಗಿ ಕಾಯುತ್ತಾರೆ, ಇವರು ಆ ಸರದಿಯನ್ನೇ ಕಾಯುತ್ತಾರೆ. ಹಲ್ಲಿನ ಆಸ್ಪತ್ರೆ, ಕಣ್ಣಿನ ಆಸ್ಪತ್ರೆ, ರಕ್ತಪರೀಕ್ಷೆಯ ಲ್ಯಾಬು, ಇಂಥ ಕಡೆ ಟೋಕನ್ ತೆಗೆದುಕೊಂಡವರಲ್ಲಿ ಯಾರ ಹಿಂದೆ ಯಾರು ಎಂಬುದನ್ನು ಗೋಡೆಯ ಕೆಂಪು ಬೋರ್ಡಿಗೆ ಹೇಳಿಕೊಡುವುದು ಇವರ ಸರ್ವರ್. ಹೆಸರಿಗೆ ತಕ್ಕಂತೆ ಸರ್ವರ ಸೇವಕ. ಅದು ಇದ್ದದ್ದು ಮನೆಯ ಮಹಡಿಯಲ್ಲಿ, ಒಂದು ಕಾಲಕ್ಕೆ ಸೂಟ್‌ಕೇಸು ತುಂಬಿಡುತ್ತಿದ್ದ ಕಿಟಕಿಯಿಲ್ಲದ ಕೋಣೆಯಲ್ಲಿ.

ಅದರ ಡೇಟಾಬೇಸು ಏನನ್ನೂ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಎಲ್ಲವೂ ಮೆಮೊರಿಯಲ್ಲಿ, ಅಂದರೆ ಬಾಯಿಪಾಠ. ಡಿಸ್ಕಿಗೆ ಬರೆಯುತ್ತ ಕೂತರೆ ನಿಧಾನವಾಗುತ್ತದೆಂದು ಅಣ್ಣನೇ ಆ ಅಭ್ಯಾಸ ಬಿಡಿಸಿದ್ದ. ಕೇಳಿದ ತಕ್ಷಣ ಉತ್ತರ; ಆದರೆ ಕರೆಂಟು ತಪ್ಪಿತೋ, ಅದಕ್ಕೆ ತಾನು ಯಾರೆಂಬುದೂ ನೆನಪಿರದು.

ಆ ಯಂತ್ರಕ್ಕೆ ವಯಸ್ಸಾಗಿ ದಮ್ಮು ಶುರುವಾಗಿತ್ತು. ಹೊಸದು ಬಂತು, ಗಾಳಿಯಾಡಲಿ ಎಂದು ಕೆಳಗೆ ಅಣ್ಣನ ಮೇಜಿನ ಪಕ್ಕ ಕೂತಿತು. ಹಳೆಯದರ ತಲೆಯಲ್ಲಿದ್ದದ್ದನ್ನೆಲ್ಲ ಒಂದು ಟೋಕನ್ನೂ ಉದುರದಂತೆ ಹೊಸದರ ತಲೆಗೆ ಸಾಗಿಸಬೇಕು. ಅಣ್ಣ ಹೊರಗಿನಿಂದ ತಜ್ಞರನ್ನು ಕರೆಸುತ್ತೇನೆಂದ. ಅತ್ತಿಗೆ ಒಪ್ಪಲಿಲ್ಲ.

"ಇಷ್ಟು ವರ್ಷ ಅದರ ಜ್ವರ ನೆಗಡಿ ನೋಡ್ಕೊಂಡಿದ್ದು ನಾನು. ಈಗ ತಜ್ಞರು ಯಾಕೆ? ಇದನ್ನ ನಾನೇ ಮಾಡ್ತೀನಿ ರೀ. ಎಡವಟ್ಟಾದ್ರೆ ಆಮೇಲೆ ನಾನು ಮಹಡಿ ಹತ್ತಲ್ಲ, ನಿಮ್ಮ ತಜ್ಞರೇ ಹತ್ತಲಿ."

ಆ ಬೆಳಗ್ಗೆ ಅತ್ತಿಗೆ ಇಬ್ಬರನ್ನೂ ಕೂರಿಸಿಕೊಂಡು ಪಾಠ ಮಾಡಿದಳು.

"ಹಳೇದು ಗುರು, ಹೊಸದು ಶಿಷ್ಯ. ಮಧ್ಯಾಹ್ನ ಆಸ್ಪತ್ರೆಯವರ ಊಟದ ಬಿಡುವಲ್ಲಿ ಗುರು ಪಾಠ ಒಪ್ಪಿಸ್ತಾನೆ. ಶಿಷ್ಯ ಅರ್ಧ ಕಲಿತಾಗ ಗುರು ಎದ್ದು ಹೋದ್ರೆ, ಶಿಷ್ಯ ಆ ಅರ್ಧಾನೂ ಬಿಟ್ಟುಬಿಡ್ತಾನೆ, ಅಷ್ಟು ಮುಂಗೋಪಿ. ನಾನು ಮೇಲೆ ಹಳೇದಕ್ಕೆ ಗಾಳಿ ಹಾಕ್ತಾ ಕೂತಿರ್ತೀನಿ. ಕಲಿತದ್ದು ಮುಗೀತಾ ಅನ್ನೋದು ಹೊಸದರ ಪರದೆ ಮೇಲೆ ಬರುತ್ತೆ, ಅದು ನಿಮ್ಮ ಮುಂದೆ. ಇಂಟರ್‌ಕಾಮಲ್ಲಿ ನೀವು ಹೇಳೋವರೆಗೂ ನಾನು ಸ್ವಿಚ್ ಮುಟ್ಟಲ್ಲ."

"ಏನಂತ ಹೇಳ್ಲಿ?"

"ಹಳೇದನ್ನ ಆರಿಸು ಅನ್ನಿ, ಸಾಕು."

"ಸರಿ. ತಿಳೀತಾ? ತಿಳೀತು," ಎಂದ ಅಣ್ಣ. ತಾನೇ ಕೇಳಿ ತಾನೇ ಉತ್ತರಿಸುವುದು ಅವನ ಚಾಳಿ.

ಮೈದುನನಿಗೆ ಇದಾವುದೂ ತಿಳಿಯಲಿಲ್ಲ, ಅವನು ಕೇಳುತ್ತಲೇ ಇರಲಿಲ್ಲ. ಮನೆಯವರು ಇಟ್ಟ ಹೆಸರು ಏನೇ ಇರಲಿ, ನಿಂತ ಹೆಸರು ಮೈಕು. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಮೂರನೆಯ ಸಲ ಅವನ ಗಂಟಲಿನಿಂದ ಬರುತ್ತಿತ್ತು. ಗ್ರಾಹಕರ ಫೋನು ಎತ್ತುವುದು ಅವನ ಕೆಲಸ, ಫೋನು ಇಟ್ಟಮೇಲೆ ಅವರಂತೆಯೇ ಮಾತಾಡುವುದು ಅವನ ಹವ್ಯಾಸ. ಆ ಬೆಳಗ್ಗೆ ಹಲ್ಲಿನ ಡಾಕ್ಟರು ಹತ್ತಿ ತುರುಕಿದ ಬಾಯಿಗೇ ಪ್ರಶ್ನೆ ಕೇಳುವ ಶೈಲಿಯನ್ನು ಮನಸ್ಸಿನಲ್ಲೇ ತಾಲೀಮು ಮಾಡುತ್ತಿದ್ದ. ಪಾಠದಲ್ಲಿ ಅವನ ಕಿವಿಗೆ ಬಿದ್ದದ್ದು ಎರಡೇ ಪದ, ಹಳೇದು ಮತ್ತು ಹೊಸದು.

ಮಧ್ಯಾಹ್ನ ಫೋನುಗಳು ಸುಮ್ಮನಾದವು. ಸುಮ್ಮನಿರಲಾರದ ಮೈಕು ಒಂದು ತಮಾಷೆ ಹೊಸೆದ. ಅತ್ತಿಗೆ ಮೇಲೆ ಹಳೆಯ ಡಬ್ಬಕ್ಕೆ ಫ್ಯಾನು ತಿರುಗಿಸಿಕೊಂಡು ಒಬ್ಬಳೇ ಕೂತಿದ್ದಾಳೆ. ಗಂಡನ ದನಿಯಲ್ಲಿ ಎರಡು ಸರಸದ ಮಾತು ಆಡೋಣ. "ಹಳೇದನ್ನ ಆರಿಸು ಕಣೆ, ಹೊಸದರ ಥಳುಕಿಗೆ ಮರುಳಾಗಬೇಡ. ನನ್ನನ್ನೇ ನೋಡು, ಹಳೇ ಮಾಡೆಲ್ಲು, ಹೊಗೆ ಬರುತ್ತೆ, ಆದ್ರೂ ಓಡ್ತೀನಿ." ಅವಳು ನಗುತ್ತಾಳೆ, ನಡುವೆ ಅನುಮಾನ ಬಂದು "ಲೋ ಮೈಕು!" ಎಂದು ಕಿರುಚುತ್ತಾಳೆ. ಅಷ್ಟೇ ಲೆಕ್ಕಾಚಾರ.

ಮುಂದಿನ ಕೋಣೆಯ ತನ್ನ ಮೇಜಿನಿಂದ, ಅಣ್ಣನಿಗೆ ಕೇಳಿಸದಂತೆ, ಇಂಟರ್‌ಕಾಮ್ ಎತ್ತಿದ. ಗಂಟಲನ್ನು ಅಣ್ಣನ ಅಳತೆಗೆ ಇಳಿಸಿದ.

"ಹಳೇದನ್ನ ಆರಿಸು. ತಿಳೀತಾ? ತಿಳೀತು."

"ಆಯ್ತು ರೀ," ಎಂದಳು ಅತ್ತಿಗೆ. ಫೋನು ಕಟ್ಟಾಯಿತು.

ಉಳಿದ ತಮಾಷೆ ಬಾಯಲ್ಲೇ ಉಳಿಯಿತು. ಆಯ್ಕೆ ಮಾಡು ಎಂಬ ಅರ್ಥದಲ್ಲಿ ಇವನು ಆಡಿದ ಆರಿಸು, ನಂದಿಸು ಎಂಬ ಅರ್ಥಕ್ಕಾಗಿಯೇ ಕಾದು ಕೂತಿದ್ದ ಕಿವಿಗೆ ಬಿದ್ದಿತ್ತು. ಮಹಡಿಯಿಂದ ವರ್ಷಗಟ್ಟಲೆ ಕೇಳಿಸುತ್ತಿದ್ದ ಗೊರಗೊರ ಸದ್ದು ನಿಂತಿತು. ನಿಂತ ಮೇಲೇ ಗೊತ್ತಾದದ್ದು, ಆ ಮನೆಯಲ್ಲಿ ಅಂಥ ಸದ್ದೊಂದು ಇತ್ತೆಂದು.

"ಏನೇ ಮಾಡಿದೆ!" ಅಣ್ಣ ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಿದ. "ಇನ್ನೂ ಅರ್ಧವೂ ಆಗಿಲ್ಲ!"

"ನೀವೇ ಹೇಳಿದ್ರಲ್ಲ ರೀ, ಆರಿಸು ಅಂತ?"

"ನಾನೆಲ್ಲಿ ಹೇಳ್ದೆ? ನಾನು ಫೋನೇ ಎತ್ತಿಲ್ಲ!"

"ಈಗ ತಾನೇ... ನಿಮ್ಮ ದನಿ..."

"ನನ್ನ ಕೈ ಮೌಸ್ ಮೇಲಿತ್ತು ಕಣೆ!"

ಮೆಟ್ಟಿಲ ಬುಡದಲ್ಲಿ ನಿಂತ ಮೈಕು ಬಾಯಿ ತೆರೆದ. ಎಲುಬಿಲ್ಲದ ಅವನ ನಾಲಿಗೆಗೆ ಆಗಲೇ ಎಲುಬು ಮೂಡಿ ಅಡ್ಡ ನಿಂತಿತು. ಈಗ ಹೇಳಿದರಾಯಿತು, ಇನ್ನೊಂದು ಗಳಿಗೆ ಬಿಟ್ಟು ಹೇಳಿದರಾಯಿತು ಎನ್ನುವಷ್ಟರಲ್ಲಿ ಫೋನು ಬಡಿದುಕೊಂಡಿತು. ಓಡಿಹೋದ. ಓಡಿಹೋಗಲು ಒಂದು ನೆಪ ಸಿಕ್ಕಿದ್ದಕ್ಕೆ ಖುಷಿಯಾಯಿತು, ಖುಷಿಯಾದದ್ದಕ್ಕೆ ಹೇಸಿಗೆಯಾಯಿತು.

"ಸ್ವಾಮಿ, ನಿಮ್ಮ ಬೋರ್ಡು ಸೊನ್ನೆ ತೋರಿಸ್ತಾ ಇದೆ," ಹಲ್ಲಿನ ಆಸ್ಪತ್ರೆಯ ಸ್ವಾಗತಕಾರಿಣಿ. "ಎಲ್ರೂ ನಾನೇ ಮೊದಲು ಅಂತಿದ್ದಾರೆ. ಹಲ್ಲು ನೋವಿರೋರು ಹಲ್ಲು ಮಸೀತಿದ್ದಾರೆ!"

ಕಣ್ಣಿನವರು ಕಣ್ಣು ಕೆಂಪು ಮಾಡಿದರು. ಲ್ಯಾಬಿನವರಿಗೆ ರಕ್ತ ಕುದಿಯುತ್ತಿತ್ತು. ಬೇರೆ ದಿನವಾಗಿದ್ದರೆ ಮೈಕು ಇದನ್ನೆಲ್ಲ ಒಂದು ವಾರ ಆಡಿ ತೋರಿಸುತ್ತಿದ್ದ. ಅಂದು ಒಬ್ಬರ ದನಿಯೂ ಅವನ ಗಂಟಲಿಗೆ ಇಳಿಯಲಿಲ್ಲ.

ಅತ್ತಿಗೆ ಮುನ್ನೆಚ್ಚರಿಕೆಗೆಂದು ಬೆಳಗ್ಗೆ ಒಂದು ಪ್ರತಿ ತೆಗೆದಿಟ್ಟಿದ್ದಳು. ಅದನ್ನು ಹೊಸದಕ್ಕೆ ಉಣಿಸಿದಳು. ಬೋರ್ಡುಗಳಿಗೆ ಜೀವ ಬಂತು, ಆದರೆ ಬೆಳಗಿನ ಜೀವ. ಅಷ್ಟು ಹೊತ್ತಿಗೆ ಹಲ್ಲು ಕೀಳಿಸಿಕೊಂಡು ಮನೆಗೆ ಹೋಗಿದ್ದವನಿಗೆ, ನಿಮ್ಮ ಸರದಿ ಬಂದಿದೆ, ದಯವಿಟ್ಟು ಬನ್ನಿ ಎಂದು ಮೆಸೇಜು ಹೋಯಿತು. ಅವನ ಹೆಂಡತಿ ಫೋನು ಮಾಡಿ, "ಯಾವ ಹಲ್ಲು ಅಂತಲಾದ್ರೂ ಹೇಳಿ, ಇವರು ಗಡಗಡ ನಡುಗ್ತಿದ್ದಾರೆ," ಎಂದಳು.

ಕೊನೆಗೆ ಉಳಿದದ್ದು ಒಂದೇ ದಾರಿ. ಜನರ ಕೈಯಲ್ಲಿ ಟೋಕನ್ ಚೀಟಿಗಳಿದ್ದವು. ಒಂದೊಂದು ಕೌಂಟರಿಗೂ ಮೈಕು ಫೋನು ಮಾಡಿ ಕೇಳುವುದು, ಅತ್ತಿಗೆ ಅದನ್ನು ಬೆರಳಲ್ಲಿ ಕುಟ್ಟುವುದು. ನಡುವೆ ಅವಳು ಒಂದು ಲೋಟ ನೀರು ತಂದು ಅವನ ಮೇಜಿನ ಮೇಲಿಟ್ಟಳು.

"ಪಾಪ, ನನ್ನ ತಪ್ಪಿಗೆ ನೀನು ಬೈಸ್ಕೋತಾ ಇದೀಯ."

ಮೈಕು ಲೋಟವನ್ನು ಪಕ್ಕಕ್ಕೆ ಸರಿಸಿ ಮುಂದಿನ ಕೌಂಟರಿನ ನಂಬರು ಒತ್ತಿದ.

ಸಂಜೆಗೆ ಸರದಿಗಳು ಸರಿಯಾದವು. ಮೂವರೂ ಅಡುಗೆಮನೆಯ ಮೇಜಿಗೆ ಕೂತರು. ಅಣ್ಣನ ಸಿಟ್ಟು ಇಳಿದು ಮರುಕವಾಗಿತ್ತು, ಸಿಟ್ಟೇ ವಾಸಿಯಾಗಿತ್ತು.

"ನಾಳೆ ತಜ್ಞರಿಗೆ ಬರೋಕೆ ಹೇಳ್ಲಾ?" ಎಂದ ಮೆಲ್ಲಗೆ.

"ಹೇಳಿ," ಎಂದಳು ಅತ್ತಿಗೆ. "ಇನ್ಮೇಲೆ ನನಗೆ ಆ ಕೆಲಸ ಬೇಡ. ನಾನು ಕೇಳಿದ್ದು ಖಂಡಿತ ಕೇಳಿದ್ದೆ ರೀ. ನಿಮ್ಮ ದನಿ, ನಿಮ್ಮ ಚಾಳಿ, ಎಲ್ಲ. ನೀವು ಹೇಳೇ ಇಲ್ಲ ಅಂದ್ರೆ..." ಮೇಜಿನ ಮೇಲಿನ ಗೀರೊಂದನ್ನು ಉಗುರಿನಲ್ಲಿ ಕೆರೆದಳು. "ನಮ್ಮಮ್ಮನಿಗೂ ಮರೆವು ಹೀಗೇ ಶುರುವಾಗಿದ್ದು. ಬಾಗಿಲು ತಟ್ಟಿದ್ರು ಅನ್ನೋಳು, ತೆಗೆದು ನೋಡಿದ್ರೆ ಯಾರೂ ಇಲ್ಲ. ಆಮೇಲೆ ತಟ್ಟಿದೋಳು ನಾನೇ ಆದ್ರೂ ನಾನು ಯಾರು ಅಂತ ಅವಳಿಗೆ ಗೊತ್ತಾಗ್ತಿರಲಿಲ್ಲ."

ಅವಳು ಮೈಕುವಿನ ಕಡೆ ತಿರುಗಿದಳು.

"ನಿನಗೆ ಆಸ್ಪತ್ರೆಯವರೆಲ್ಲ ಪರಿಚಯ ತಾನೇ? ಮರೆವಿನ ಡಾಕ್ಟರ ಹತ್ರ ನನಗೊಂದು ಸರದಿ ತೆಗೆದುಕೊಡೋ."

ಊರಿನವರ ಸರದಿಯನ್ನೆಲ್ಲ ಕಳೆದವನ ಹತ್ತಿರ ಅವಳು ಸರದಿ ಕೇಳುತ್ತಿದ್ದಳು. ಮೈಕುವಿನ ಕಿವಿಯ ತುದಿ ಸುಡತೊಡಗಿತು.

"ಸರದಿ ಬೇಡ ಅತ್ತಿಗೆ. ಫೋನ್ ಮಾಡಿದ್ದು ನಾನು."

"ಯಾವ ಫೋನು?" ಎಂದ ಅಣ್ಣ.

"ಅದೇ. ಆರಿಸು ಅಂದಿದ್ದು. ತಮಾಷೆಗೆ. ಸ್ವಿಚ್ ಆರಿಸು ಅಂತಲ್ಲ, ಆರಿಸಿಕೋ ಅಂತ."

ಅತ್ತಿಗೆ ಅವನ ಕೈ ತಟ್ಟಿದಳು. "ಸುಮ್ನಿರೋ. ಇಂಥ ಕೆಲಸದ ನಡುವೆ ನೀನು ದನಿ ಆಟ ಆಡೋನಲ್ಲ, ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ. ತಪ್ಪು ಮೈಮೇಲೆ ಹಾಕ್ಕೊಳ್ಳೋ ಅಷ್ಟು ಒಳ್ಳೆಯವನಾಗ್ಬೇಡ."

ಒಳ್ಳೆಯವನು! ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಹೊಡೆದಿದ್ದರೆ ಹಗುರಾಗುತ್ತಿದ್ದ. ಇಷ್ಟು ದಿನ ಕೇಳುವವರಿಲ್ಲದಿದ್ದರೂ ದನಿ ತೆಗೆಯುತ್ತಿದ್ದವನು ಇಂದು ಸಾಕ್ಷಿಗಾಗಿ ದನಿ ತೆಗೆಯಬೇಕಾಯಿತು. ಅಣ್ಣನ ಮುಖ ನೋಡುತ್ತ ಅಣ್ಣನಾಗಲು ಆಗಲಿಲ್ಲ. ಗೋಡೆಗೆ ತಿರುಗಿ ನಿಂತ.

"ಹಳೇದನ್ನ ಆರಿಸು. ತಿಳೀತಾ? ತಿಳೀತು."

ಅಣ್ಣನ ಬಾಯಿ ಮುಚ್ಚಿತ್ತು, ಅಣ್ಣನ ದನಿ ಕೋಣೆಯಲ್ಲಿತ್ತು. ಕುರ್ಚಿ ಹಿಂದಕ್ಕೆ ಬಿದ್ದ ಸದ್ದಾಯಿತು. "ಎಲಾ ನಿನ್ನ...! ಮಧ್ಯಾಹ್ನದಿಂದ ಬಾಯಿ ಮುಚ್ಕೊಂಡು..."

"ತಡೀರಿ ರೀ." ಅತ್ತಿಗೆ ಎದ್ದು ನಿಂತಿದ್ದಳು. "ಇನ್ನೊಂದ್ಸಲ ಹೇಳೋ."

"ಬೇಡ ಅತ್ತಿಗೆ."

"ಹೇಳು ಅಂದ್ನಲ್ಲ."

ಹೇಳಿದ. ಈ ಸಲ ಅಣ್ಣನ ದನಿಯ ನಡುವೆ ಅವನ ಸ್ವಂತ ದನಿ ಒಡೆದು ಹೊರಬಂತು. ಗೋಡೆಯ ಸುಣ್ಣದಲ್ಲಿ ಅವನಿಗೆ ಕಾಣುತ್ತಿದ್ದುದು ಬರೀ ಸುಣ್ಣ. ತಿರುಗಿ ಅವಳ ಮುಖ ನೋಡುವ ಧೈರ್ಯವಿರಲಿಲ್ಲ. ಹಿಂದಿನಿಂದ ಬಿಕ್ಕಿದಂಥ ಸದ್ದು ಕೇಳಿ ಅವನ ಜೀವ ಹಿಡಿಯಷ್ಟಾಯಿತು. ಅತ್ತಿಗೆ ಅಳುತ್ತಿದ್ದಾಳೆ.

ಅಳುತ್ತಿರಲಿಲ್ಲ.

"ರೀ, ನಾನು ಕೇಳಿದ್ದು ನಿಜ ರೀ! ನನ್ನ ತಲೆ ನೆಟ್ಟಗಿದೆ!" ಮೇಜಿಗೆ ಎರಡೂ ಕೈ ಊರಿದಳು. "ನಿಮ್ಮ ತಜ್ಞರಿಗೆ ಮನೇಲೇ ಇರೋಕೆ ಹೇಳಿ!"

"ಅತ್ತಿಗೆ, ಬೈದುಬಿಡಿ ನನ್ನನ್ನ," ಎಂದ ಮೈಕು.

"ಬೈಯೋದು ನಾಳೆ ಕಣೋ! ಇವತ್ತು ಪುರುಸೊತ್ತಿಲ್ಲ!"

ಹೊಡೆಯಲು ಎತ್ತಿದ ಕೈ ಎಲ್ಲಿ ಇಡಬೇಕೆಂದು ತಿಳಿಯದೆ ಅಣ್ಣ ತಲೆ ಕೆರೆದುಕೊಂಡ, ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಮೂಗಿನಲ್ಲಿ ನಕ್ಕ. ಮೈಕು ನಗಲು ನೋಡಿದ, ಮುಖ ಸೊಟ್ಟಗಾಯಿತು ಅಷ್ಟೇ. ಅತ್ತಿಗೆಯ ನಗು ಮಾತ್ರ ಪಾತ್ರೆಗಳನ್ನು ನಡುಗಿಸಿ, ಕಿಟಕಿ ದಾಟಿ, ಎದುರುಮನೆಯವರು ಪರದೆ ಸರಿಸಿ ನೋಡುವಷ್ಟು ಜೋರಾಗಿ ಬೀದಿಗೆ ಬಿತ್ತು.